ಹೊನ್ನಯ್ಯನ ಕಾರಿಗೆ ಬುದ್ಧಿ ಬಂದದ್ದು

ಎಲ್ಲಾ ಶುರುವಾದದ್ದು ಒಂದು ಬಿಲ್ಲೆ ಬ್ಯಾಟರಿಯಿಂದ. ಅವತ್ತು ಬೆಳಿಗ್ಗೆ ಹೊನ್ನಯ್ಯ ಕುದೂರಿನ ವಾಚ್ ಅಂಗಡಿಯಲ್ಲಿ ಕಾರಿನ ರಿಮೋಟಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡ. ಹಿಂದಿನ ಸೀಟು ಮಡಚಿ ರೇಷ್ಮೆಗೂಡು ತುಂಬಿ, ಹೆಂಡತಿ ಪುಟ್ಟಲಕ್ಷ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಬಂದ.

ಅದು ಗೂಡಿಗೆ ಹಿಂದೆಂದೂ ಇಲ್ಲದ ಬೆಲೆ ಬಂದ ವರ್ಷ. ಕಾರು ರೇಷ್ಮೆಹುಳ ಕೊಟ್ಟದ್ದು. ಹೊನ್ನಯ್ಯನ ಸಂಪಾದನೆ ಅಂತ ಯಾರಾದರೂ ಅಂದರೆ ನಾನಂತೂ ಒಪ್ಪುವವನಲ್ಲ. ಹುಳ ಸಾಕಿದವಳು ಪುಟ್ಟಲಕ್ಷ್ಮಮ್ಮ. ಕೈಕಾಲು ತೊಳೆಯದಿದ್ದರೆ ಕಟ್ಟಿಕೊಂಡ ಗಂಡನನ್ನೂ ಹುಳದ ಮನೆಯೊಳಗೆ ಬಿಡದ ಗಟ್ಟಿಗಿತ್ತಿ! ಬೆಳೆ ನಡೆಯುವಾಗ ಯಾರ ಮದುವೆಗೂ ಹೋದವಳಲ್ಲ. ಅವತ್ತು ಕನಕಪುರದಲ್ಲಿ ಅವಳ ತಂಗಿಯ ಮನೆ ಗೃಹಪ್ರವೇಶ. ಗೂಡು ಮಾರಿ, ಸೀರೆ ಬದಲಿಸಿ, ಊಟದ ಹೊತ್ತಿಗೆ ಕಾರಿನಿಂದ ಇಳಿಯಬೇಕು ಅಂತ ಅವಳ ಆಸೆ. ಒಂಬತ್ತು ವರ್ಷ ರೇಷ್ಮೆ ಬೆಳೆದವಳು ಮೊದಲ ಸಲ ಉಡಲಿದ್ದ ರೇಷ್ಮೆ ಸೀರೆ ಕಾರಿನ ಮುಂದಿನ ಸೀಟಿನ ಮೇಲಿತ್ತು.

ಮಾರ್ಕೆಟ್ಟಿನ ಗೋಡೆಗೆ ಒತ್ತಿ ಕಾರು ನಿಲ್ಲಿಸಿ, ಗೂಡನ್ನು ಒಳಗೆ ಸುರಿದು, ಹೆಂಡತಿಯನ್ನು ಕಾವಲಿಗೆ ಬಿಟ್ಟು ಹೊನ್ನಯ್ಯ ಹೊರಗೆ ಬಂದ. ರಿಮೋಟ್ ಒತ್ತಿದ. ಟಕ್, ಬೀಗ ಬಿತ್ತು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಟಕ್ ಟಕ್, ಬೀಗ ತೆರೆಯಿತು. ಮತ್ತೆ ಹಾಕಿದ, ಮತ್ತೆ ತೆರೆಯಿತು.

"ಬ್ಯಾಟರಿ ಉಲ್ಟಾ ಹಾಕವ್ನೆ ಕಣ್ಲಾ," ಅಂತ ದಾಸಪ್ಪ ಬಂದ. ಹೊನ್ನಯ್ಯನ ಪಕ್ಕದೂರಿನವನು, ಕರೆಯದಿದ್ದರೂ ಬಂದು ರಿಪೇರಿ ಮಾಡುವ ಧಾರಾಳಿ. ಬ್ಯಾಟರಿ ತಿರುಗಿಸಿದ. ಪಂಚೆಯ ತುದಿಯಿಂದ ಉಜ್ಜಿದ. ಬೀಗ ತನ್ನ ಪಾಡಿಗೆ ತಾನು ಬಿದ್ದು ತೆರೆಯುತ್ತಲೇ ಇತ್ತು. ಕೊನೆಗೆ ಬ್ಯಾಟರಿಯನ್ನೇ ಕಿತ್ತು ಅಂಗೈಯಲ್ಲಿ ಹಿಡಿದ.

ಟಕ್ ಟಕ್!

"ಅಯ್ಯೋ ಶಿವನೇ, ಬ್ಯಾಟರಿನೇ ಇಲ್ದೆ ಬೀಗ ತಕ್ಕತದಲ್ಲೋ!" ಅಂದ ದಾಸಪ್ಪ.

ಜನ ಸೇರಿತು. ಒಳಗೂ ಜನ ಸೇರಿತ್ತು. ಪುಟ್ಟಲಕ್ಷ್ಮಮ್ಮನ ಗೂಡಿನ ರಾಶಿಗೆ ನೂಲು ತೆಗೆಯುವ ರೀಲರುಗಳು ಮೊಣಕೈವರೆಗೆ ಕೈ ತೂರಿಸಿ, ಹಿಡಿ ಹಿಡಿ ಹಿಸುಕಿ, "ಏನ್ ಗಟ್ಟಿ ಐತಕ್ಕ ಗೂಡು!" ಅಂತ ಹೊಗಳುತ್ತಿದ್ದರು.

ಹೊರಗೆ ದಾಸಪ್ಪ ರಿಮೋಟಿನ ಹೊಟ್ಟೆಯಲ್ಲಿದ್ದ ಹಸಿರು ಸರ್ಕ್ಯೂಟ್ ಬಿಲ್ಲೆಯನ್ನೂ ಸಣ್ಣ ಲೋಹದ ಕೀಲಿಯನ್ನೂ ಹೊರಗೆಳೆದು, ಬರೀ ಡಬ್ಬಿಯನ್ನು ಹೊನ್ನಯ್ಯನ ಕೈಗೆ ಕೊಟ್ಟ. "ಈಗ ಒತ್ತು ನೋಡುಮ."

ಒತ್ತಿದ. ಬಾಗಿಲು ತೆರೆಯಿತು. ಜನ ಹೋ ಅಂತು.

ಹೊನ್ನಯ್ಯನ ಎದೆ ಉಬ್ಬಿತು. "ಯಜಮಾನ ಯಾರು ಅಂತ ಅದಕ್ಕೆ ಗೊತ್ತು ಕಣ್ಲಾ. ಬುದ್ಧಿ ಇರೋ ಗಾಡಿ!"

ದಾಸಪ್ಪ ಸಂತೋಷಕ್ಕೆ ಚಪ್ಪಾಳೆ ತಟ್ಟಿದ. ಕೈಯಲ್ಲಿದ್ದದ್ದೆಲ್ಲ ಚರಂಡಿಗೆ ಬಿತ್ತು.

"ಹೋದ್ರೆ ಹೋಗ್ಲಿ ಬುಡು," ಅಂದ ಹೊನ್ನಯ್ಯ, ದೊಡ್ಡ ಮನಸ್ಸಿನಿಂದ. "ಮನೇಲಿ ಇನ್ನೊಂದು ಕೀ ಐತೆ. ನಮ್ಮವ್ಳು ಹುಳದ ಮನೇಲಿ ಭದ್ರವಾಗಿ ಮಡಗವ್ಳೆ."

ಅಷ್ಟರಲ್ಲಿ ಗೂಡು ಮುನಾವರ್ ಎಂಬ ರೀಲರಿಗೆ ಹೋಯಿತು, ಅವತ್ತಿನ ಅತಿ ಹೆಚ್ಚಿನ ಬೆಲೆಗೆ. ಅವನ ಆಳುಗಳು ಗೂಡನ್ನು ಚೀಲಕ್ಕೆ ಒತ್ತಿ ತುಂಬಿದರು. ಹೊರಗೆ ಕಾರು ಟಕ್ ಅಂತ ಬೀಗ ಹಾಕಿಕೊಂಡಿತು. ಚೀಲ ಆಟೋ ಹತ್ತಿ ಹೋಯಿತು.

ಆಮೇಲೆ ಕಾರಿನ ಬೀಗ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಹೊನ್ನಯ್ಯ ಡಬ್ಬಿ ಒತ್ತಿದ, ತಟ್ಟಿದ, ಬಾನೆಟ್ ಸವರಿ ಬೇಡಿಕೊಂಡ. ಗಂಟೆಯೇ ಕಳೆಯಿತು. "ಒಸಿ ಮುನಿಸ್ಕಂಡೈತೆ, ಸರಿಹೋಯ್ತದೆ," ಅಂತ ಹೇಳಿ ದಾಸಪ್ಪ ಬಸ್ಸು ಹತ್ತಿದ.

"ಬಾಗ್ಲು ತೆಗೀರಿ, ಸೀರೆ ಉಟ್ಕಬೇಕು," ಅಂದಳು ಪುಟ್ಟಲಕ್ಷ್ಮಮ್ಮ. ಹೊನ್ನಯ್ಯ ತಲೆ ಕೆರೆದುಕೊಂಡು ನಡೆದದ್ದೆಲ್ಲ ಹೇಳಿದ. ಅವಳ ಮುಖ ಸಪ್ಪಗಾಯಿತು.

"ಊರಿಗೋಗಿ ಇನ್ನೊಂದು ಕೀ ತತ್ತೀನಿ. ಹುಳದ ಮನೇಲಿ ಎಲ್ಲಿ ಮಡಗಿದ್ದೀಯೆ?"

"ಹುಳ ಗೂಡು ಕಟ್ಟಕ್ಕೆ ಬುಡ್ತೀವಲ್ಲ, ಆ ಬಿದಿರಿನ ಚಂದ್ರಿಕೇಗೆ ಸಿಗಾಕಿದ್ದೆ. ಅಲ್ಲಿ ಯಾರೂ ಮುಟ್ಟಲ್ಲ ಅಂತ..." ಅವಳು ಹೊನ್ನಯ್ಯನ ತೋಳು ಹಿಡಿದಳು. "ಅಲ್ಲ ಕಣ್ರೀ, ಗೂಡು ಬಿಡಿಸ್ವಾಗ ಒಂದು ದೊಡ್ಡ ಗೂಡು ಕೈಗೆ ಸಿಕ್ತು. ಎರಡು ಹುಳ ಸೇರ್ಕಂಡು ಕಟ್ಟವೆ ಅಂದ್ಕಂಡು ಚೀಲಕ್ಕಾಕ್ದೆ. ಆ ರೀಲರುಗಳು ಹಿಸುಕಿ ಹಿಸುಕಿ ನೋಡಿದ್ದು ಅದನ್ನೇ!"

ಹೊನ್ನಯ್ಯನ ಫೋನು ಬಡಿದುಕೊಂಡಿತು. ಮುನಾವರ್.

"ಹೊನ್ನಣ್ಣ, ನಿಮ್ಮ ಗೂಡಲ್ಲಿ ಒಂದು ಕಾರ್ ಕೀ ಸಿಕ್ತು."

"ಅಪ್ಪಾ, ಬದುಕಿಸ್ದೆ! ಈಗ್ಲೇ ಬತ್ತೀನಿ!"

"ಬನ್ನಿ, ಆದ್ರೆ ಸುಡೋ ನೀರಲ್ಲಿ ಗೂಡಿನ ಜೊತೇಲೇ ಬೆಂದೋಗೈತೆ. ಒಳಗೆಲ್ಲ ನೀರು ತುಂಬಿ ಕೆಟ್ಟೋಗೈತೆ, ಲೋಹದ ಕೀಲೀನೂ ಅದರೊಳಗಿಲ್ಲ." ಮುನಾವರ್ ದನಿ ಏರಿಸಿದ. "ಅಕ್ಕಂಗೆ ಒಂದು ಮಾತು ಹೇಳಿ. ಪ್ಲಾಸ್ಟಿಕ್ ಮೇಲೆ ಕಟ್ಟಿದ ಗೂಡಣ್ಣ ಅದು, ಎಳೆ ಒಂದ್ಸಲಾನೂ ತುಂಡಾಗ್ಲಿಲ್ಲ!"

ಪುಟ್ಟಲಕ್ಷ್ಮಮ್ಮನಿಗೆ ಕೇಳಿಸಿತು. ಸಪ್ಪಗಿದ್ದ ಮುಖ ಅರಳಿತು.

"ಕೇಳುಸ್ಕಂಡ್ರಾ? ನನ್ನ ಹುಳ!" ಅಂದವಳೇ ಹಳೇ ಸೀರೆಯ ಸೆರಗು ಕೊಡವಿ ಸಿಕ್ಕಿಸಿಕೊಂಡು ಕನಕಪುರದ ಬಸ್ಸಿನ ಕಡೆಗೆ ನಡೆದಳು. ಹೊನ್ನಯ್ಯ ಖಾಲಿ ಡಬ್ಬಿಯನ್ನು ಒತ್ತುತ್ತಾ ಹಿಂದೆ ಓಡಿದ. ಕಾರಿನ ಮುಂದಿನ ಸೀಟಿನಲ್ಲಿ ಹೊಸ ಸೀರೆ ಒಂದೇ ಹಾಯಾಗಿ ಕೂತಿತ್ತು.