ಕಾಡಪ್ಪನವರ ಬಲಗಾಲಿನ ನರಹುಲಿ

ನಲವತ್ತು ಸೀರೆ ಬಿಡಿಸಿ ನೋಡಿ "ನಾಳೆ ಬರ್ತೀವಿ" ಎಂದು ಎದ್ದು ಹೋಗುವ ಪುಣೆಯ ಗಿರಾಕಿಗಳಿಗೂ ಜಗ್ಗದ ಸೀರೆ ವ್ಯಾಪಾರಿ ಕಾಡಪ್ಪನವರನ್ನು ಅಂಗಾಲಿನ ಒಂದು ನರಹುಲಿ ಕುಂಟಿಸತೊಡಗಿತು. ಗಾತ್ರ ಕಡಲೆಕಾಳಿನಷ್ಟು, ದರ್ಪ ಸುಲ್ತಾನನದು! ಅದೂ ಯಾವಾಗ? ಆಷಾಢ ಏಕಾದಶಿಯ ಯಾತ್ರೆಗೆ ಹೊರಡುವ ಪಾಲಖಿಯ (ಸಂತರ ಪಲ್ಲಕ್ಕಿಯ) ಜೊತೆ ದಿವೆ ಘಾಟು ಹತ್ತಿ ಸಾಸವಡದವರೆಗೆ ನಡೆದೇ ತೀರುತ್ತೇನೆಂದು ಓಣಿಗೆಲ್ಲ ಡಂಗುರ ಸಾರಿದ ಮೇಲೆ. ಉಳಿದದ್ದು ಮೂರೇ ವಾರ.

ಡಾಕ್ಟರ್ ಮುಕ್ತಾ ಮರಾಠಿಯಲ್ಲಿ ಬಿಡಿಸಿ ಹೇಳಿದರು: ಇದು ಆಣಿಯಲ್ಲ, ವೈರಸ್ಸಿನಿಂದ ಬರುವ ನರಹುಲಿ. ಬಚ್ಚಲಲ್ಲಿ ಬರಿಗಾಲಲ್ಲಿ ಓಡಾಡಿದರೆ ಮನೆಯವರಿಗೂ ಹತ್ತೀತು. ಈ ಔಷಧವನ್ನು ಅದರ ಮೇಲಷ್ಟೇ ಹಚ್ಚಬೇಕು, ಹೆಂಡತಿಯ ಕೈಲಿ ಹಚ್ಚಿಸಿಕೊಳ್ಳಿ.

"ಕಾಲು ಈ ಕಡೆ ಮಾಡ್ರಿ, ಹಚ್ಚತೀನಿ," ಎಂದರು ಮನೆಗೆ ಬಂದ ಮೇಲೆ ಹೆಂಡತಿ ಗೌರಾಬಾಯಿ.

"ಬ್ಯಾಡ! ನನ್ನ ಕಾಲು ನನಗ ಗೊತ್ತದ."

"ಗೊತ್ತದ ಖರೆ. ಕಾಣಬೇಕಲ್ರಿ?"

(ನಡುವೆ ಉದರವೆಂಬ ಮಹಾಪರ್ವತವಿತ್ತು.) ಆದರೆ ಕಾಡಪ್ಪನವರು ಸೋಲುವ ಆಸಾಮಿಯೇ? ದಿನವೂ ಮೊಬೈಲಿನಲ್ಲಿ ಸೀರೆಯ ಫೋಟೋ ಕಳಿಸಿಯೇ ವ್ಯಾಪಾರ ಮಾಡುವವರು. ಕೋಣೆಯ ಬಾಗಿಲು ಹಾಕಿಕೊಂಡು ಅಂಗಾಲಿನ ಫೋಟೋ ತೆಗೆದರು. ಮೊದಲ ಮೂರರಲ್ಲಿ ಫ್ಯಾನು ಬಂತು, ನಾಲ್ಕನೆಯದರಲ್ಲಿ ಪಾದ. ನರಹುಲಿ ಬಲಕ್ಕೆ ಕಂಡಿತು. ಕೆಳಗಿನಿಂದ ತೆಗೆದ ಪಾದದಲ್ಲಿ ಎಡಬಲ ಅದಲುಬದಲಾಗುತ್ತದೆಂದು ಯಾರು ಯೋಚಿಸಬೇಕು? ಹೊಟ್ಟೆಯ ಕೆಳಗೆ ಕೈ ತೂರಿಸಿ, ಹತ್ತಿಕಡ್ಡಿಯಿಂದ ಬಲಕ್ಕೇ ಬಳಿದರು. ಉರಿಯಿತು. "ಉರಿ ಅಂದ್ರ ಔಷಧ ನಾಟೇದ ಅಂತ ಅರ್ಥ!" ಎಂದು ಹಲ್ಲು ಕಚ್ಚಿ ಎರಡು ವಾರ ಬಳಿದೇ ಬಳಿದರು.

ಕೊನೆಗೊಂದು ದಿನ ಬಿಳಿಯ ಚರ್ಮದ ಪದರ ಕಿತ್ತು ಬಂತು.

"ಬೇರು ಸಮೇತ ಬಂತು! ಕಾಣಬೇಕಲ್ಲ ಅಂದಿದ್ದಿ, ಈಗ ನೋಡು!" ಎಂದು ಮೆರೆಯುತ್ತ ಹೆಂಡತಿಯನ್ನೂ ದವಾಖಾನೆಗೆ ಎಳೆದೊಯ್ದರು.

ಮುಕ್ತಾ ನೋಡಿದರು, ಮತ್ತೊಮ್ಮೆ ನೋಡಿದರು. ನರಹುಲಿ ಸುಖವಾಗಿ ತನ್ನ ಜಾಗದಲ್ಲೇ ಇತ್ತು. ಸುಟ್ಟದ್ದು ಎರಡು ಬೆರಳಿನಾಚೆಯ ಒಳ್ಳೆಯ ಚರ್ಮ. ಗಾಯ ಮಾಯುವವರೆಗೆ ನಡೆಯಕೂಡದೆಂದು ಆಜ್ಞೆಯಾಯಿತು. ಕಾಡಪ್ಪನವರಿಗೆ ಅಳುವೇ ಬಂತು.

ಪಾಲಖಿಯ ದಿನ ಗೌರಾಬಾಯಿ ಸೆರಗು ಕಟ್ಟಿ ನಿಂತರು. "ಓಣ್ಯಾಗ ನಿಮ್ಮ ಮಾತು ಬೀಳಬಾರದಲ್ರಿ? ನಿಮ್ಮ ಹೆಸರಿಲೆ ನಾ ನಡೀತೀನಿ."

ಸಂಜೆ ಜೊತೆಗೆ ನಡೆದಿದ್ದ ನೆರೆಮನೆಯ ಸಾವಿತ್ರಿಬಾಯಿ ಫೋನು ಮಾಡಿದರು. "ಸಾಸವಡ ಮುಟ್ಟಿದಿವ್ರಿ! ನಿಮ್ಮನಿಯವರು ಭಾಳ ಗಟ್ಟಿ!"

"ನಾನ ಕಳಿಸೀನ್ರಿ ಅಕಿನ್ನ!" ಎಂದು ಕುರ್ಚಿಯಲ್ಲೇ ಎದೆ ಸೆಟೆಸಿ ಗುಡುಗಿದರು ಕಾಡಪ್ಪನವರು.

"ಹೌದ್ರಿ, ಎಲ್ಲಾ ಹೇಳಿದ್ರು. ನಿಮ್ಮ ಕಾಲಿನ ಕಥಿ ಕೇಳಿ ನಕ್ಕೋತ ನಕ್ಕೋತ, ಜೋಡಿ ನಡದ ಇಡೀ ದಿಂಡಿಗೆ ಘಾಟು ಹತ್ತಿದ್ದ ಗೊತ್ತಾಗಲಿಲ್ಲ ನೋಡ್ರಿ!"