ಗೋಲು ಹೊಡೆದು ಕಾಲು ತೊಳೆದವಳು

ಮೈಗಳ್ಳರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಕುತೂಹಲ ಹುಟ್ಟುತ್ತದೆ. ಮೈ ಬಗ್ಗಿಸಿ ದುಡಿಯುವವರಲ್ಲಿ ತಿಳಿದುಕೊಳ್ಳುವುದಕ್ಕೆ ಅಂಥದ್ದೇನೂ ಇರುವುದಿಲ್ಲ. ಕೆಲಸ ಇದೆ, ಮಾಡುತ್ತಾರೆ, ಆಯಿತು. ಮಾಡದೆ ಕೂತವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಾರಣ. ನಮ್ಮ ರಾಯಚೂರಿನ ಬಿಸಿಲಿನಲ್ಲಿ ಮಧ್ಯಾಹ್ನ ಬಸ್ ಸ್ಟಾಪಿಗೆ ಹೋಗಿ ನೋಡಿ. ಒಂದೇ ಕರೆಂಟ್ ಕಂಬದ ನೆರಳಿನಲ್ಲಿ ಜನ ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ನೆರಳು ಸರಿದ ಹಾಗೆ ಅವರೂ ಸರಿಯುತ್ತಾರೆ. ಹೊರಗಿನಿಂದ ಬಂದವರು ಇದನ್ನು ಸೋಮಾರಿತನ ಎಂದಾರು. ನಾನೂ ಅಲ್ಲಿ ನಿಂತವಳಾದ್ದರಿಂದ ಹೇಳುತ್ತೇನೆ, ಅದಕ್ಕೆ ಬಹಳ ಎಚ್ಚರ ಬೇಕು. ಸ್ವಲ್ಪ ಮೈಮರೆತರೆ ಹಿಂದಿನವರು ನಿಮ್ಮ ನೆರಳಿಗೆ ಬಂದು ನಿಂತುಬಿಟ್ಟಿರುತ್ತಾರೆ.

ನನ್ನನ್ನೂ ಆ ಜಾತಿಗೆ ಸೇರಿಸಬೇಕೆಂಬುದು ನಮ್ಮ ಅತ್ತೆಯವರ ಬಹಳ ಕಾಲದ ವಾದ. ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಹೇಳುತ್ತೇನೆ. ಗಂಟೆ ಹೊಡೆಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ನನ್ನ ಪಾಠ ಮುಗಿದಿರುತ್ತದೆ. ಮುಗಿದ ಮೇಲೆ ಸುಮ್ಮನೆ ಕೂತು ಮುಖ ಮುಖ ನೋಡುವುದು ಯಾವ ಪುರುಷಾರ್ಥಕ್ಕೆ? ಪುಸ್ತಕ ಮುಚ್ಚುತ್ತೇನೆ, ಕೈಚೀಲ ಹೆಗಲಿಗೇರಿಸುತ್ತೇನೆ, ಸ್ಟಾಫ್ ರೂಮಿನಲ್ಲಿ ಚಹಾ ಇನ್ನೂ ಬಿಸಿ ಇರುವಾಗಲೇ ಹೋಗಿ ಸೇರುತ್ತೇನೆ. ಇದು ಚುರುಕುತನ ಎಂದು ನನ್ನ ನಂಬಿಕೆಯಾಗಿತ್ತು.

ಇಂಥ ನನಗೆ ಫುಟ್‌ಬಾಲ್ ಗಂಟು ಬಿದ್ದದ್ದು ನನ್ನ ಬಾಯಿಯಿಂದಲೇ. ಒಂದು ಮೀಟಿಂಗಿನಲ್ಲಿ ತೂಕಡಿಕೆ ತಪ್ಪಿಸಿಕೊಳ್ಳಲು, "ಹುಡುಗ್ಯಾರು ಆಟಾನೂ ಆಡಬೇಕ್ರಿ ಸರ್" ಎಂದುಬಿಟ್ಟೆ. ಪ್ರಿನ್ಸಿಪಾಲರು ಅದಕ್ಕೇ ಕಾದಿದ್ದವರಂತೆ ಫುಟ್‌ಬಾಲ್ ತಂಡದ ಉಸ್ತುವಾರಿಯನ್ನು ನನ್ನ ಹೆಸರಿಗೆ ಬರೆದರು. ನಾನು ಕ್ಯಾನ್ವಾಸ್ ಬೂಟು ಕೊಂಡೆ. ಸೀರೆಯ ಕೆಳಗೆ ಅದನ್ನು ನೋಡಿದ ಅತ್ತೆ, "ಯವ್ವಾ, ಈ ವಯಸ್ಸಿನಾಗ ಯಾರನ್ನ ಓಡಿ ಹಿಡಿಯಾಕ ಹೊಂಟೀದಿ?" ಎಂದರು. ಓಡುವ ಪ್ರಸಂಗವೇ ಬರಲಿಲ್ಲ. ಮೈದಾನದ ಅಂಚಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಉಸ್ತುವಾರಿ ಎಂದರೆ ಆ ಕುರ್ಚಿ. ಆಟ ಕಲಿಸುವವರು ಖಾದರ್ ಸರ್. ಮಾರ್ಕೆಟ್ಟಿನಲ್ಲಿ ಅವರದು ಸೈಕಲ್ ಟಯರಿನ ಅಂಗಡಿ. ಹರೆಯದಲ್ಲಿ ಒಳ್ಳೆಯ ಆಟಗಾರರಾಗಿದ್ದರಂತೆ. ಸಂಜೆ ಅಂಗಡಿಯನ್ನು ಮಗನಿಗೆ ಬಿಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬರುತ್ತಿದ್ದರು.

ನಮ್ಮ ತಂಡದಲ್ಲಿ ಹುಲಿಗೆಮ್ಮ ಎಂಬ ಹುಡುಗಿ. ದೇವದುರ್ಗದ ಆಚೆಯ ಹಳ್ಳಿಯವಳು, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದಳು, ನನ್ನ ತರಗತಿಯಲ್ಲಿ ಹಿಂದಿನ ಬೆಂಚು. ಚೆಂಡು ಅವಳ ಕಾಲಿಗೆ ಸಿಕ್ಕಿತೆಂದರೆ ಉಳಿದವರು ಬರೀ ನೋಡಬೇಕು. ಎದುರಿಗೆ ಮೂರು ಮಂದಿ ಬಂದರೂ ಅವರ ನಡುವೆಯೇ ಎಲ್ಲೋ ದಾರಿ ಮಾಡಿಕೊಂಡು ಆಚೆ ಹೋಗಿರುತ್ತಿದ್ದಳು. ಆಟ ತಿಳಿಯದ ನಾನೂ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಮೊದಲನೆಯ ಪಂದ್ಯದಲ್ಲಿ ಆಟ ಶುರುವಾಗಿ ಇನ್ನೂ ನನ್ನ ಚಹಾ ಆರಿರಲಿಲ್ಲ, ಗೋಲು ಹೊಡೆದಳು. ಹೊಡೆದವಳು ಕುಣಿಯಲಿಲ್ಲ, ಯಾರನ್ನೂ ತಬ್ಬಿಕೊಳ್ಳಲಿಲ್ಲ. ನೆಟ್ಟಗೆ ಮೈದಾನದ ಹೊರಗೆ ಬಂದು, ಬೂಟು ಬಿಚ್ಚಿ, ನಲ್ಲಿಯ ಕೆಳಗೆ ಕಾಲು ತೊಳೆದುಕೊಂಡು, ಬೇವಿನ ನೆರಳಿನಲ್ಲಿ ನನ್ನ ಕುರ್ಚಿಯ ಪಕ್ಕ ಕುಳಿತಳು.

ಖಾದರ್ ಸರ್ ಸೀಟಿ ಊದಿದರು, ಕೂಗಿದರು, ಟೋಪಿ ತೆಗೆದು ನೆಲಕ್ಕೆ ಬಡಿದರು. ರೆಫರಿ ಬಂದು ಎಚ್ಚರಿಕೆಯ ಹಳದಿ ಚೀಟಿ ಎತ್ತಿ ತೋರಿಸಿದ. ಗೋಲಿಗೆ ಕೊಡುವ ಬಹುಮಾನದ ಚೀಟಿ ಇರಬೇಕೆಂದು ನಾನು ಚಪ್ಪಾಳೆ ತಟ್ಟಿದೆ. ಬಹಳ ಹೇಳಿದ ಮೇಲೆ ಅವಳು ಬೂಟು ಹಾಕಿಕೊಂಡು ಒಳಗೆ ಹೋದಳು. ಹೋಗಿ ಬೀಗರ ಮನೆಗೆ ಬಂದವಳ ಹಾಗೆ ಕೈಕಟ್ಟಿ ನಿಂತಳು. ಅಷ್ಟರಲ್ಲಿ ಎದುರಿನವರು ಎರಡು ಹೊಡೆದಿದ್ದರು. ಮುಂದಿನ ಪಂದ್ಯದಲ್ಲೂ ಇದೇ ಕಥೆ. ಗೋಲು, ನಲ್ಲಿ, ನೆರಳು.

"ಮೇಡಂ, ಈ ಹುಡುಗೀ ಕಾಲಾಗ ಜಾದೂ ಅದರೀ, ಖುದಾ ಕಸಮ್. ಆದ್ರ ಏನ್ ಮಾಡೋದು, ಪಕ್ಕಾ ಕಾಮ್‌ಚೋರ್ ಅದಾಳ, ಮೈಗಳ್ಳಿ!" ಎಂದರು ಖಾದರ್ ಸರ್. "ಯೂನಿವರ್ಸಿಟಿ ಟೀಮಿಗೆ ಆರಿಸಾಕ ಬರೋ ವಾರ ಬರಾಕತ್ತಾರ. ಅವರ ಮುಂದೂ ಹಿಂಗ ಕುಂತ್ರ ನನ್ನ ಇಜ್ಜತ್ ಏನಾಗಬೇಕು? ಇಕೀ ಹೆಸರು ತೆಗದುಬಿಡತೀನಿ."

ಹೆಸರು ತೆಗೆದರೆ ಅದು ಬರೀ ಆಟದ ಮಾತಾಗಿರಲಿಲ್ಲ. ಹುಲಿಗೆಮ್ಮನಿಗೆ ಹಾಸ್ಟೆಲ್ ಸೀಟು ಸಿಕ್ಕಿದ್ದು ಆಟಗಾರ್ತಿ ಎಂಬ ಲೆಕ್ಕದಲ್ಲಿ. ತಂಡ ತಪ್ಪಿದರೆ ಸೀಟು ತಪ್ಪುತ್ತದೆ, ಸೀಟು ತಪ್ಪಿದರೆ ಅವಳ ಹಳ್ಳಿಯಿಂದ ಬಂದರೆ ಬಂತು ಎನ್ನುವ ಒಂದು ಬಸ್ಸನ್ನು ನಂಬಿ ದಿನಾ ಓಡಾಡಬೇಕು. ಹಾಗೆ ಓಡಾಡಲು ಹೋದ ಎಷ್ಟೋ ಹುಡುಗಿಯರು ದಸರಾ ರಜೆಯ ನಂತರ ಕಾಲೇಜಿನ ಕಡೆ ಮುಖ ಹಾಕಿದ್ದನ್ನು ನಾನು ಕಂಡಿಲ್ಲ. ಇವಳಿಗೋ ಆಟದ ಟೀಚರ್ ಆಗಬೇಕೆಂಬ ಆಸೆ. ಅಯ್ಯೋ, ಇಷ್ಟು ಚಂದ ಆಡುವ ಹುಡುಗಿ! "ಒಂದು ವಾರ ತಡೀರಿ ಸರ್, ಏನಂತ ನಾ ನೋಡತೀನಿ" ಎಂದೆ.

ನೋಡುವುದು ಎಂದರೆ ನನಗೆ ಬಹಳ ಇಷ್ಟದ ಕೆಲಸ. ಮೊದಲು ರಕ್ತ ಕಡಿಮೆ ಇರಬೇಕೆಂದುಕೊಂಡು ಡಾಕ್ಟರರ ಹತ್ತಿರ ಕರೆದೊಯ್ದೆ. ಹುಡುಗಿಯ ರಕ್ತ ಚೆನ್ನಾಗಿದೆ ಎಂದ ಅವರು, ಬಂದದ್ದಕ್ಕೆ ಇರಲಿ ಎಂದು ನನ್ನದನ್ನೂ ನೋಡಿ, ನನಗೆ ಗುಳಿಗೆ ಬರೆದುಕೊಟ್ಟರು. ಆಮೇಲೆ ಹಸಿವಿರಬಹುದು ಎನಿಸಿ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಚೆನ್ನಾಗಿ ಉಂಡಳು, ಗೋಲು ಹೊಡೆದಳು, ಕಾಲು ತೊಳೆದಳು. ಮೈಗಳ್ಳಿಯೇ ಇರಬಹುದೇ ಎಂದು ಹಾಸ್ಟೆಲ್ ವಾರ್ಡನ್ನರನ್ನು ಕೇಳಿದರೆ, "ಅಕೀ ಏನ್ರೀ? ಎಲ್ಲಾರಕಿಂತ ಮುಂಚೆ ಎದ್ದು ತನ್ನ ಪಾಳಿ ಕಸ ಹೊಡದು ಮುಗಿಸಿಬಿಡತಾಳ" ಎಂದರು. ಯಾವನಾದರೂ ಹುಡುಗ ಮನಸ್ಸಿನಲ್ಲಿ ಕೂತಿದ್ದಾನೋ ಎಂಬ ಅನುಮಾನವನ್ನು ಯಜಮಾನರ ಮುಂದೆ ಹೇಳಿದೆ. "ಕಾಲು ತೊಳಕೊಳ್ಳೋ ಪ್ರೇಮ ನಾ ಎಲ್ಲೂ ಕೇಳಿಲ್ಲ" ಎಂದು ಅವರು ಪೇಪರಿನ ಹಿಂದೆ ಮರೆಯಾದರು.

ಕೊನೆಗೆ ಅವಳನ್ನೇ ಕೇಳಿದೆ. ಇದು ಮೊದಲೇ ಮಾಡಬೇಕಾದ ಕೆಲಸವಾಗಿತ್ತು, ಆದರೆ ಅದರಲ್ಲಿ ಕುತೂಹಲಕ್ಕೆ ಜಾಗವಿಲ್ಲ ನೋಡಿ.

"ಯಾಕವ್ವಾ, ಗೋಲ್ ಹೊಡದ ಮ್ಯಾಲೆ ಬಂದು ಕುಂದರತಿ?"

"ಮುಗೀತಲ್ರಿ ಮೇಡಂ."

"ಏನು ಮುಗೀತು? ಆಟ ಇನ್ನಾ ನಡದದಲ್ಲ?"

"ನಂದು ಮುಗೀತಲ್ರಿ" ಎಂದು ಅವಳು ನನ್ನನ್ನೇ ಕುತೂಹಲದಿಂದ ನೋಡಿದಳು. ಇದರಲ್ಲಿ ತಿಳಿಯದೆ ಇರುವುದು ಏನಿದೆ ಎನ್ನುವ ಹಾಗೆ.

ಇನ್ನು ಅವಳ ತಾಯಿಯನ್ನೇ ಕಾಣಬೇಕು ಎಂದು ತೀರ್ಮಾನಿಸಿದೆ. ತಾಯಿ ದುರುಗಮ್ಮ ಆಗ ಊರಲ್ಲಿರಲಿಲ್ಲ. ಅವರ ಕಡೆ ಮಳೆ ನಂಬಿದ ಹೊಲ; ಹಾಗಾಗಿ ನಾಟಿಯ ಕಾಲಕ್ಕೆ ಹತ್ತಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಾನ್ವಿ ಕಡೆಯ ಕಾಲುವೆ ಸೀಮೆಗೆ ಭತ್ತ ನಾಟಿ ಮಾಡಲು ಬರುತ್ತಾಳೆ, ಆ ಗುಂಪಿಗೆ ಅವಳೇ ಮುಂದಾಳು. ರವಿವಾರ ನಾನು, ಹುಲಿಗೆಮ್ಮ ಮಾನ್ವಿ ಬಸ್ಸು ಹಿಡಿದೆವು. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ. ನಾನೆಸೆದದ್ದು ಯಾರದೋ ಬುಟ್ಟಿಯೊಳಗೆ ಬಿತ್ತು. ಹುಲಿಗೆಮ್ಮ ಒಂದೇ ಎಸೆತಕ್ಕೆ ಸೀಟು ಹಿಡಿದು ನನ್ನನ್ನು ಕೂರಿಸಿದಳು. ಮಾನ್ವಿಯಲ್ಲಿಳಿದು ಟಂಟಂ ಆಟೋ ಹತ್ತಿ ಗದ್ದೆಗೆ ಹೋದೆವು.

"ಬರ್ರಿ ಮೇಡಂ, ಒಡ್ಡಿನ ಮ್ಯಾಲೆ ಕುಂದರ್ರಿ. ಗುತ್ತಿಗಿ ಹಿಡದೀವಿ, ಇದೊಂದು ಗದ್ದಿ ಮುಗಿಸಿ ಬರತೀವಿ" ಎಂದಳು ದುರುಗಮ್ಮ, ಬಗ್ಗಿದ ಬೆನ್ನು ಎತ್ತದೆ. ನಾನು ಬದುವಿನ ಮೇಲೆ ಜಾಲಿಮರದ ನೆರಳು ಹುಡುಕಿ ಕುಳಿತೆ. ಗುತ್ತಿಗೆ ಎಂದರೆ ಹೊತ್ತಿಗೆ ಕೂಲಿಯಲ್ಲ, ಕೆಲಸಕ್ಕೆ ಕೂಲಿ. ಗದ್ದೆ ಮುಗಿಯುವ ತನಕ ತಲೆ ಎತ್ತುವುದಿಲ್ಲ, ಮುಗಿದ ಮೇಲೆ ಯಾರೂ ನಿಲ್ಲುವುದೂ ಇಲ್ಲ. ಯಾರೂ ಹೇಳದೆ ಹುಲಿಗೆಮ್ಮ ಲಂಗ ಎತ್ತಿ ಕಟ್ಟಿ ಕೆಸರಿಗಿಳಿದಳು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ನೀರಿನಲ್ಲಿ ಆಡಿದ್ದು ಕಾಣುವಷ್ಟರಲ್ಲಿ ಸಸಿ ನೆಟ್ಟಿರುತ್ತಿತ್ತು. ಇವಳೇ ಏನು ನಮ್ಮ ಕಾಮ್‌ಚೋರ್! ನಾನು ಬಾಯಿ ಬಿಟ್ಟು ನೋಡುತ್ತಿದ್ದಂತೆ ತನ್ನ ಪಾಲಿಗೆ ಬಂದ ಗದ್ದೆಯ ಪಟ್ಟಿ ಮುಗಿಸಿ, ಬದು ಹತ್ತಿ, ಕಾಲುವೆಯಲ್ಲಿ ಕಾಲು ತೊಳೆದು, ನನ್ನ ಪಕ್ಕ ಬಂದು ಕುಳಿತಳು.

ಅದೇ ಕಾಲು ತೊಳೆಯುವುದು! ನನಗೆ ಒಮ್ಮೆಗೇ ತಿಳಿಯಿತು. ಹುಡುಗಿ ಫುಟ್‌ಬಾಲನ್ನು ಗುತ್ತಿಗೆ ಹಿಡಿದಿದ್ದಾಳೆ. ಗೋಲು ಹೊಡೆಯುವುದು ಅವಳ ಪಾಲಿನ ಪಟ್ಟಿ, ಹೊಡೆದಾಯಿತು, ಮುಗಿಯಿತು. ಖಾದರ್ ಸರ್ ಅವಳಿಂದ ದಿನಗೂಲಿ ಕೇಳುತ್ತಿದ್ದಾರೆ. ಹೊತ್ತಿನ ಮೇಲಿನ ಕೂಲಿ, ಕೆಲಸದ ಮೇಲಿನ ಕೂಲಿ ಎಂದು ಈ ಪಾಠವನ್ನು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದವಳು ನಾನು! ನನಗೆ ಆದ ಖುಷಿ ಹೇಳತೀರದು. ಬೇಗ ಮುಗಿಸಿ ಎದ್ದು ಹೋಗುವವರ ಪರವಾಗಿ ಖಾದರ್ ಸರ್ ಮುಂದೆ ಮಾಡಬೇಕಾದ ಭಾಷಣ ಮನಸ್ಸಿನಲ್ಲಿ ತಯಾರಾಗತೊಡಗಿತು. ಅದರಲ್ಲಿ ನನ್ನ ಸ್ವಂತದ ಹಿತವೂ ಸ್ವಲ್ಪ ಇತ್ತೆನ್ನಿ. ಭಾಷಣದ ನಡುವೆ ಗದ್ದೆಯಿಂದ ದುರುಗಮ್ಮನ ಗುಡುಗು ಕೇಳಿಸಿತು.

"ಏ ಹುಲಿಗಿ! ಯಾಕ ಏರಿದಿ ಮ್ಯಾಲೆ?"

"ನಂದು ಮುಗೀತು ಬೇ."

"ನಿಂದು ಮುಗದ್ರ? ಗುತ್ತಿಗಿ ನೀ ಒಬ್ಬಾಕಿನ ಹಿಡದೀ ಏನು? ಅಲ್ಲಿ ನಿಮ್ಮ ಕಾಕಿ ಇನ್ನಾ ನಡುವ ಅದಾಳ, ಕಣ್ಣು ಕಾಣವಲ್ಲವಾ? ಸಣ್ಣಾಕಿ ಇದ್ದಾಗ ಅಂಗೈಯಷ್ಟು ಜಾಗ ಕೊಟ್ಟು, ಮುಗಿಸಿ ನೆರಳಿಗೆ ಕುಂದ್ರು ಅಂತಿದ್ವಿ, ಹೌದು. ಇನ್ನಾ ಹಾಲು ಕುಡಿಯೋ ಕೂಸೇನು ನೀ? ಇಳಿ ಕೆಳಗ! ಕಾಕೀದು ಹಿಡಿ!"

ಹುಲಿಗೆಮ್ಮ ನಾಲಿಗೆ ಕಚ್ಚಿಕೊಂಡು ಇಳಿದಳು. ಆ ಚಿಕ್ಕಮ್ಮನ ಪಟ್ಟಿಗೆ ಆಚೆಯ ತುದಿಯಿಂದ ಕೈ ಹಾಕಿದಳು. ಮುಗಿಸಿದವರೆಲ್ಲ ಹಾಗೆಯೇ ಮಾಡುತ್ತಿದ್ದರು: ತಮ್ಮದು ಮುಗಿಯಿತೆಂದರೆ ಹಿಂದುಳಿದವಳ ಕಡೆಗೆ. ಕೊನೆಯ ಸಸಿ ಊರಿದ ಮೇಲೆ ಎಲ್ಲರೂ ಒಟ್ಟಿಗೇ ಬದು ಹತ್ತಿದರು, ಒಟ್ಟಿಗೇ ಕಾಲು ತೊಳೆದರು. ನಾನು ಇಷ್ಟು ಹೊತ್ತು ಕಟ್ಟಿದ ಭಾಷಣವನ್ನು ಬುತ್ತಿಯ ರೊಟ್ಟಿಯ ಜೊತೆ ನುಂಗಿದೆ.

ಊಟ ಮಾಡುತ್ತ ಫುಟ್‌ಬಾಲಿನ ಸಂಗತಿ ಹೇಳಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ದುರುಗಮ್ಮ ಮಾತ್ರ ನಗದೆ, "ಎಷ್ಟು ಮಂದಿ ಆಡತಾರ್ರೀ?" ಎಂದು ಕೇಳಿದಳು. ಹನ್ನೊಂದು ಎಂದೆ. "ಮತ್ತ ಹತ್ತು ಮಂದಿ ಕೆಸರಾಗ ಇದ್ದಾಗ ಇಕಿ ಬಂದು ನಿಮ್ಮ ಬಾಜು ಕುಂತ್ರ, ಇಳಿ ಅಂತ ನೀವ್ಯಾಕ ಅನಲಿಲ್ರಿ ಮೇಡಂ?" ಪಕ್ಕದಲ್ಲಿ ಒಬ್ಬರು ಬಂದು ಕೂತರೆ ನನಗೆ ಮಾತಿಗೆ ಜೊತೆಯಾಗುತ್ತಿತ್ತು ಎಂದು ಹೇಳುವುದು ಹೇಗೆ? ಶೇಂಗಾ ಚಟ್ನಿ ಖಾರ ಇದೆ ಎಂದು ನೀರು ಕುಡಿದೆ.

ಆರಿಸುವವರು ಬಂದ ದಿನ ಖಾದರ್ ಸರ್ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ಹುಲಿಗೆಮ್ಮ ಎಂದಿನಂತೆ ಬೇಗನೆ ಗೋಲು ಹೊಡೆದಳು. ಹೊಡೆದು, ಎಂದಿನಂತೆ ನಲ್ಲಿಯ ಕಡೆಗೆ ತಿರುಗಿದಳು. ಖಾದರ್ ಸರ್ ಕಣ್ಣು ಮುಚ್ಚಿಕೊಂಡರು. ಕ್ಯಾನ್ವಾಸ್ ಬೂಟು ಕೊಂಡ ಮೇಲೆ ಮೊದಲ ಸಲ ಓಡಿದೆ. "ಏ ಹುಲಿಗೀ! ಇಳಿ ಕೆಳಗ!" ಎಂದು ಮೈದಾನದ ಅಂಚಿನಲ್ಲಿ ನಿಂತು ಕಿರುಚಿದೆ. ಆರಿಸಲು ಬಂದವರು ಬೆಚ್ಚಿ ನನ್ನ ಕಡೆ ನೋಡಿದರು. ಸಮತಟ್ಟು ಮೈದಾನದಲ್ಲಿ ಎಲ್ಲಿಗೆ ಇಳಿಯಬೇಕೋ ಅವರಿಗೆ ತಿಳಿಯಲಿಲ್ಲ. ಹುಲಿಗೆಮ್ಮನಿಗೆ ತಿಳಿಯಿತು. ನಿಂತಳು, ಹಿಂದೆ ನೋಡಿದಳು. ಎಡಗಡೆ ನಮ್ಮ ತಂಡದ ಶಬಾನಾ ಎದುರಿನವರಿಬ್ಬರ ನಡುವೆ ಸಿಕ್ಕು ಏದುಸಿರು ಬಿಡುತ್ತಿದ್ದಳು. ಹುಲಿಗೆಮ್ಮ ಅವಳ ಕಡೆಗೆ ಓಡಿದಳು. ಆಮೇಲೆ ಯಾರು ಹಿಂದೆ ಬಿದ್ದರೆ ಅವರ ಪಕ್ಕದಲ್ಲಿ ಅವಳು. ಕಡೆಗೆ ಶಬಾನಾಳ ಕಾಲಿಗೆ ಚೆಂಡು ಕೊಟ್ಟು ಅವಳ ಕೈಲೂ ಒಂದು ಗೋಲು ಹೊಡೆಸಿದಳು. ಆಟ ಮುಗಿದ ಮೇಲೆ ಹನ್ನೊಂದು ಜನರನ್ನೂ ನಲ್ಲಿಗೆ ಕರೆದುಕೊಂಡು ಹೋದಳು.

ಹುಲಿಗೆಮ್ಮನ ಹೆಸರು ಯೂನಿವರ್ಸಿಟಿ ತಂಡಕ್ಕೆ ಸೇರಿತು. ನನ್ನ ಕಣ್ಣಲ್ಲಿ ನೀರು ಬಂತು, ಮೈದಾನದ ಧೂಳು ಎಂದು ಸುಳ್ಳು ಹೇಳಲಾರೆ. ಖಾದರ್ ಸರ್‌ಗೆ ಮಾತ್ರ ಹೊಸ ಚಿಂತೆ ಹತ್ತಿದೆ. "ಈಗ ಎಲ್ಲಾರ ಕೆಲಸಾನೂ ಇಕಿನ ಮಾಡಾಕತ್ತಾಳ್ರಿ ಮೇಡಂ! ಗೋಲ್ ಕೀಪರ್ ಬಾಜೂನೂ ಹೋಗಿ ನಿಂದರತಾಳ. ನೀವು ಏನ್ ಹೇಳಿದ್ರಿ ಇಕಿಗೆ?" ಏನೂ ಹೇಳಿಲ್ಲ, ಕೂಗಿದೆ ಅಷ್ಟೆ ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ತರಗತಿಯಲ್ಲಿ ಕೂಲಿಯ ಪಾಠವನ್ನೇ ಹೇಳಿ, ಎಂದಿನಂತೆ ಗಂಟೆಗೆ ಮುಂಚೆಯೇ ಪುಸ್ತಕ ಮುಚ್ಚಿ, ಕೈಚೀಲ ಹೆಗಲಿಗೇರಿಸಿದೆ. ಹಿಂದಿನ ಬೆಂಚಿನಿಂದ ಹುಲಿಗೆಮ್ಮ ಎದ್ದು ನಿಂತಳು.

"ಮೇಡಂ, ಮುಂದ ಕುಂತವರಿಗೆ ತಿಳೀತ್ರಿ. ಇಲ್ಲಿ ನಾಕು ಮಂದಿಗೆ ಇನ್ನಾ ತಿಳಿದಿಲ್ಲ."

"ನಂದು ಮುಗೀತಲ್ಲವಾ" ಎಂದೆ.

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಹುಲಿಗೆಮ್ಮ ತನ್ನ ಅವ್ವ ಗದ್ದೆಯಿಂದ ನೋಡಿದ ಹಾಗೆ ನನ್ನನ್ನು ನೋಡಿದಳು. ಸ್ಟಾಫ್ ರೂಮಿನ ಚಹಾ ನೆನಪಾಯಿತು, ಆರಿಹೋಗಲಿ ಎಂದುಕೊಂಡೆ. ಕೈಚೀಲವನ್ನು ಮೇಜಿನ ಮೇಲಿಟ್ಟು, ಕಟ್ಟೆ ಇಳಿದು, ಆ ನಾಲ್ವರಿಗೆ ಮತ್ತೆ ಹೇಳಿಕೊಡಲು ಹಿಂದಿನ ಬೆಂಚಿನ ತನಕ ನಡೆದೆ. ಅಲ್ಲಿ ಕುರ್ಚಿ ಇರಲಿಲ್ಲ.