ಕೊನೆಯ ಮೆಟ್ಟಿಲಿನ ಹಳದಿ ಪಟ್ಟಿ ಮತ್ತು ಹರಿದ ಲಾಂಛನ

ವಿಶ್ವವಿದ್ಯಾಲಯದ ಬ್ರ್ಯಾಂಡ್ ಮತ್ತು ದೃಶ್ಯ ಗುರುತು ವಿಭಾಗದ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ತಾವು ಹೊರತಂದ ದಪ್ಪ ಕೈಪಿಡಿಗೂ, ಅದರ ಮುಖಪುಟದಲ್ಲಿ ಯಾರ ಗೊಡವೆಯೂ ಇಲ್ಲದೆ ವಿರಾಜಮಾನವಾಗಿರುವ ಲಾಂಛನಕ್ಕೂ ತರ್ಕಶಾಸ್ತ್ರದ ಅಧ್ಯಾಪಕನಾದ ನನ್ನ ಸವಿನಯ ವಂದನೆಗಳು. ತಾವು ಕಳುಹಿಸಿದ ನೋಟಿಸು ತಲುಪಿತು. ಕಳೆದ ಸೋಮವಾರ ನಾನು ಮೆಟ್ಟಿಲಿಂದ ಬೀಳುವಾಗ ಪಕ್ಕದಲ್ಲಿ ನಿಲ್ಲಿಸಿದ್ದ ಬ್ಯಾನರನ್ನು ಹಿಡಿದುಕೊಂಡು, ಅದರ ಮೇಲಿದ್ದ ಲಾಂಛನವನ್ನು ನಡುವಿಗೆ ಹರಿದು ಅಗೌರವ ತೋರಿದ್ದೇಕೆ ಎಂದು ತಾವು ಕೇಳಿದ್ದೀರಿ. ಮೊಣಕಾಲು ಹೇಗಿದೆ ಎಂದು ಕೇಳಿಲ್ಲ. ಇರಲಿ ಬಿಡಿ, ಅದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ. ಉತ್ತರವನ್ನು ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳಿಂದ ನನ್ನ ಕಣ್ಣು ಕೈಕೊಡುತ್ತಿದೆ. ಬೂದು ಬಣ್ಣದ ಮೇಲೆ ಬೂದು ಬಣ್ಣವಿದ್ದರೆ ನನಗೆ ಏನೂ ಕಾಣದು, ಗಾಢವಾದ ಬಣ್ಣವಿದ್ದರೆ ಕಾಣುತ್ತದೆ. ತರ್ಕಶಾಸ್ತ್ರ ಹೇಳಿಕೊಡಲು ಕಣ್ಣು ಅಷ್ಟಾಗಿ ಬೇಕಿಲ್ಲ, ಆದರೆ ಹೇಳಿಕೊಡುವ ಕೋಣೆಗೆ ಹೋಗಿ ಸೇರಲು ಬೇಕು. ಅದನ್ನು ತಿಳಿದೇ ಹಿಂದಿನ ಕಟ್ಟಡ ಮೇಲ್ವಿಚಾರಕರು ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಪಟ್ಟಿ ಬಳಿಸಿ, ಬಾಗಿಲುಗಳ ಮೇಲೆ ಅಂಗೈಯಗಲದ ಅಕ್ಷರಗಳನ್ನು ಬರೆಸಿದ್ದರು. ಆ ಪಟ್ಟಿಗಳಿದ್ದಾಗ ನಾನು ಯಾರ ಕೈಯನ್ನೂ ಹಿಡಿಯದೆ ಮೂರನೆಯ ಮಹಡಿಗೆ ಹತ್ತಿ, ಪಾಠ ಮಾಡಿ ಇಳಿಯುತ್ತಿದ್ದೆ. ಅವಿಲ್ಲದಿದ್ದರೆ ನಿವೃತ್ತಿಗೆ ಮೊದಲೇ ಪಾಠ ಬಿಟ್ಟು ಮನೆಯಲ್ಲಿ ಕೂರಬೇಕು. ನನ್ನ ಅಹವಾಲು ಇಷ್ಟೇ, ಉಳಿದದ್ದೆಲ್ಲ ತಮ್ಮ ಗುಣಗಾನ.

ಹಳದಿಯು ನದಿಯಾಚೆಯ ಪ್ರತಿಸ್ಪರ್ಧಿ ವಿಶ್ವವಿದ್ಯಾಲಯದ ಬಣ್ಣವೆಂದು ಪತ್ತೆಹಚ್ಚಿ, ಅವರು ನಮ್ಮ ಮೆಟ್ಟಿಲಿನವರೆಗೂ ನುಸುಳಿಬಿಟ್ಟಿದ್ದಾರೆಂದು ಬೆಚ್ಚಿಬಿದ್ದು, ರಜೆಯಲ್ಲಿ ರಾತ್ರೋರಾತ್ರಿ ಅದನ್ನು ಅಳಿಸಿಹಾಕಿದ ತಮ್ಮ ಮುಂಜಾಗ್ರತೆಯನ್ನು ಎಷ್ಟು ಹೊಗಳಿದರೂ ಸಾಲದು. ಅದರ ಜಾಗದಲ್ಲಿ ತಾವು ದಯಪಾಲಿಸಿದ ‘ಮುಂಜಾವಿನ ಬೂದು’, ‘ಚಿಂತನೆಯ ಬೂದು’, ‘ವಿನಯದ ಬೂದು’ ಎಂಬ ಬಣ್ಣಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿರುವ ನಮ್ಮ ಚರಿತ್ರೆಯ ಮೇಡಂ ಕೂಡ ಗುರುತಿಸಲಾರದೆ ಹೋದರು.

ಬಾಗಿಲುಗಳ ಮೇಲಿನ ಹೆಸರುಗಳು ಈಗ ಇರುವೆ ಸಾಲಿನಷ್ಟು ಸಣ್ಣಗೆ, ವಿನಯದ ಬೂದಿನಲ್ಲಿವೆ. ಹೀಗಾಗಿ ರಜೆ ಮುಗಿದ ಮೊದಲ ದಿನವೇ ನಾನು ಲೆಕ್ಕಶಾಸ್ತ್ರದ ತರಗತಿಗೆ ನುಗ್ಗಿ, ಸುಳ್ಳು ಆಧಾರದಿಂದ ಹೊರಟ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಗಂಟೆಪೂರ್ತಿ ವಿವರಿಸಿದೆ. ಮಕ್ಕಳು ಭಯಭಕ್ತಿಯಿಂದ ಬರೆದುಕೊಂಡರು. ಅವರ ನಿಜವಾದ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ಕೋಣೆ ತಪ್ಪಿದವರು ತಾವೇ ಇರಬೇಕೆಂದು ನಂಬಿ, ತಮ್ಮ ತರಗತಿಯನ್ನು ಹುಡುಕಿಕೊಂಡು ಮೇಲಿನ ಮಹಡಿಗೆ ಹೋದರಂತೆ. ಕಣ್ಣಿರುವವರ ಆತ್ಮವಿಶ್ವಾಸವನ್ನೂ ಕರಗಿಸಬಲ್ಲ ಕೈಪಿಡಿ ತಮ್ಮದು.

ಲಾಂಛನದ ಬಗ್ಗೆ ತಮಗಿರುವ ಅಕ್ಕರೆಯಂತೂ ಹೆತ್ತ ತಾಯಿಗೂ ಇರಲಾರದು. ಅದಕ್ಕೆ ಉಸಿರಾಡಲು ಸುತ್ತಲೂ ಜಾಗ ಬಿಡಬೇಕೆಂದು ತಾವು ವಿಧಿಸಿದ್ದೀರಿ. ಅಧ್ಯಾಪಕರ ಸಾಮೂಹಿಕ ಫೋಟೋದಲ್ಲಿ ಭೌತಶಾಸ್ತ್ರದ ಉದ್ದನೆಯ ಮೇಷ್ಟ್ರ ತಲೆ ಆ ಜಾಗವನ್ನು ಅತಿಕ್ರಮಿಸಿತೆಂದು ಅವರನ್ನು ಕುಕ್ಕರಗಾಲಲ್ಲಿ ಕೂರಿಸಿದ್ದೀರಿ. ತೆರೆಯದ ಒಂದೇ ಕಿಟಕಿಯಿರುವ ಕೋಣೆಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ಕೂರುವ ನಾವು ಆ ವಿಧಿಯನ್ನು ಓದಿ ನಿಟ್ಟುಸಿರು ಬಿಟ್ಟೆವು. ಅದನ್ನೂ ಒಬ್ಬೊಬ್ಬರಾಗಿ ಬಿಡಬೇಕಾಯಿತು.

ಇನ್ನು ಬಿದ್ದ ವಿಚಾರ. ಕೊನೆಯ ಮೆಟ್ಟಿಲು ಮುಗಿದು ನೆಲ ಬಂತೆಂದು ಭಾವಿಸಿದೆ, ಮುಗಿದಿರಲಿಲ್ಲ. ಆಯ ತಪ್ಪಿದಾಗ ಕೈಗೆ ಸಿಕ್ಕಿದ್ದು ತಮ್ಮ ಬ್ಯಾನರು, ಅದರ ಮೇಲೆ ಮಾತ್ರ ದೊಡ್ಡಕ್ಷರಗಳಲ್ಲಿ ‘ಪ್ರತಿ ಹೆಜ್ಜೆಯಲ್ಲೂ ನಿಮ್ಮೊಂದಿಗೆ’ ಎಂದು ಬರೆದಿತ್ತು. ನಾನು ನಂಬಿದೆ. ತರ್ಕ ಕಲಿಸುವವನು ಹಾಗೆ ನಂಬಬಾರದಿತ್ತು, ಅದೊಂದು ತಪ್ಪನ್ನು ಒಪ್ಪುತ್ತೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಹಳದಿ ಪಟ್ಟಿಯನ್ನು ಮರಳಿ ಕೊಡಲಾಗದಿದ್ದರೆ ಸುತ್ತೋಲೆಯೊಂದರ ಮೂಲಕ ಕೊನೆಯ ಮೆಟ್ಟಿಲನ್ನು ರದ್ದುಪಡಿಸಿ. ಅದೂ ಕಷ್ಟವಾದರೆ ನನ್ನನ್ನೇ ವಿಶ್ವವಿದ್ಯಾಲಯದ ಲಾಂಛನವೆಂದು ಘೋಷಿಸಿ. ಲಾಂಛನವನ್ನು ಓರೆಯಾಗಿಸಬಾರದು, ಎಳೆದಾಡಬಾರದು, ಎದ್ದು ಕಾಣದಂಥ ಮಂಕು ಹಿನ್ನೆಲೆಯಲ್ಲಿ ಎಂದಿಗೂ ಇರಿಸಬಾರದು ಎಂದು ತಮ್ಮ ಕೈಪಿಡಿಯೇ ಹೇಳುತ್ತದೆ. ಬಟ್ಟೆಯ ಮೇಲಿನ ಚಿತ್ರಕ್ಕೆ ಏನೇನು ಆಗಬಾರದೆಂದು ತಾವು ಬರೆದಿದ್ದೀರೋ ಅದೆಲ್ಲವೂ ಸೋಮವಾರ ನನಗೆ ಆಯಿತು. ಸಿಟ್ಟು ಬಂದಿದೆ ಸ್ವಾಮಿ, ನಯವಾಗಿ ಬರೆದರೂ ಬಂದಿದೆ. ಮನೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತಾ ನನ್ನಾಕೆ, “ಸಾಕು ಬಿಡ್ರೀ, ಇನ್ನು ಹೋಗ್ಬೇಡಿ” ಎಂದಳು. ಪಾಠ ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ.

ಆದರೂ ಹೋಗುತ್ತಿದ್ದೇನೆ. ಬಿದ್ದ ಮಾರನೆಯ ದಿನದಿಂದ ಕೊನೆಯ ಮೆಟ್ಟಿಲಿನ ಪಕ್ಕದ ಗೋಡೆಯ ಮೊಳೆಯಲ್ಲಿ ಹಳದಿ ಬಣ್ಣದ ಊಟದ ಚೀಲವೊಂದು ನೇತಾಡುತ್ತಿದೆ. ಅದು ಚರಿತ್ರೆಯ ಮೇಡಂ ಅವರದು. “ಕೈಪಿಡಿಯಲ್ಲಿ ಗೋಡೆ ಇದೆ, ಬೋರ್ಡಿದೆ, ಕಾಗದ ಇದೆ. ನನ್ನ ಊಟದ ಚೀಲ ಎಲ್ಲಿದೆ ತೋರಿಸ್ಲಿ ನೋಡೋಣ” ಎನ್ನುತ್ತಾರೆ. ಅದು ಕಣ್ಣಿಗೆ ಬಿದ್ದೊಡನೆ ನಾನು ಕಾಲು ತಡೆದು, ಇನ್ನೊಂದೇ ಹೆಜ್ಜೆ ಎಂದುಕೊಂಡು ಇಳಿಯುತ್ತೇನೆ. ಇಷ್ಟರಲ್ಲಾಗಲೇ ಲೆಕ್ಕಶಾಸ್ತ್ರದ ಮೇಷ್ಟ್ರು ಕೂಡ ತಮ್ಮ ಹಳದಿ ಛತ್ರಿಯನ್ನು ನನ್ನ ತರಗತಿಯ ಬಾಗಿಲಿಗೆ ತೂಗುಹಾಕಿ ಹೋಗಿದ್ದಾರೆ.

ಹರಿದ ಲಾಂಛನದ ಮೇಲಾಣೆ,
ತಮ್ಮ ವಿಶ್ವಾಸಿ,
ಮೂರನೆಯ ಮಹಡಿಯ ತರ್ಕದ ಮೇಷ್ಟ್ರು

ತಾ.ಕ.: ಊಟದ ಚೀಲಗಳನ್ನೂ ಛತ್ರಿಗಳನ್ನೂ ಸೇರಿಸಿ ಕೈಪಿಡಿಯನ್ನು ಪರಿಷ್ಕರಿಸುವ ಯೋಚನೆ ತಮಗೆ ಬಂದೇ ಬರುತ್ತದೆ. ದಯವಿಟ್ಟು ಆ ಆದೇಶವನ್ನು ತಾವೇ ಖುದ್ದಾಗಿ ಮೂರನೆಯ ಮಹಡಿಗೆ ತನ್ನಿ, ಸಂಜೆ ಮಬ್ಬುಗತ್ತಲಾದ ಮೇಲೆ ಇಳಿಯಿರಿ. ಬ್ಯಾನರು ರಿಪೇರಿಗೆ ಹೋಗಿರುವುದರಿಂದ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ನಾನು ಕೆಳಗೆ ನಿಂತು ಕೈ ಚಾಚಿರುತ್ತೇನೆ, ಆದರೆ ಅಂದು ಹಾಕಿಕೊಂಡು ಬರುವುದು ಬೂದು ಅಂಗಿಯನ್ನೇ.